ಹಳೆಯ ಹೆಸರಿನ ಋಣ



ಕಂಪ್ಲಿಯ ತಾಯಿಯೊಬ್ಬರು ಈಚೆಗೆ ನಮಗೆ ದೂರವಾಣಿ ಮಾಡಿದ್ದರು. "ಗುರುಗಳೆ, ಪೂಜಾ ಪುಸ್ತಕದ ಹಿಂದ ಅಚ್ಚು ಹಾಕಿಸಿದ ಜಾಲತಾಣ ತೆಗೆದ್ರ, ಮೊಮ್ಮಗನ ಫೋನಿನಾಗ ಜೂಜಿನ ಆಟ ಬರಾಕತ್ತೈತ್ರಿ. ಇದೇನ್ರೀ?" ಎಂದು ಕೇಳಿದರು. ನಾವು ಉತ್ತರಿಸಲಾಗದೆ ಕ್ಷಣಕಾಲ ಮೌನವಾದೆವು. ಏಕೆಂದರೆ ತಪ್ಪು ನಮ್ಮದೇ ಆಗಿತ್ತು.

ನಾವು ಸಂಬಂಧವಿರಿಸಿಕೊಂಡಿರುವ ಒಂದು ಚಿಕ್ಕ ಸಂಸ್ಥೆಯು ತನ್ನ ಜಾಲತಾಣದ ಹೆಸರನ್ನು ಬದಲಿಸಿತು. ಹಳೆಯ ಹೆಸರಿಗೂ ವರ್ಷವರ್ಷ ಶುಲ್ಕ ಕಟ್ಟಬೇಕೆ ಎಂಬ ಪ್ರಶ್ನೆ ಬಂದಾಗ, "ಒಂದು ಮನೆಗೆ ಎರಡು ಬಾಡಿಗೆ ಏಕೆ?" ಎಂದು ಸಭೆಯಲ್ಲಿ ಹೇಳಿದವರು ನಾವೇ. ಅವಧಿ ಮುಗಿದ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದೆಂಬುದು ಅಂದು ನಮಗೆ ತಿಳಿದಿರಲಿಲ್ಲ. ಯಾರೋ ಕೊಂಡರು. ಭಕ್ತರ ಜಗಲಿಯ ಮೇಲಿರುವ ಪುಸ್ತಕ ಇಂದು ಅವರ ಅಂಗಡಿಗೆ ದಾರಿ ತೋರುತ್ತಿದೆ.

ಹೆಸರು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. ಇಂಗ್ಲಿಷಿನಲ್ಲಿ 'ಹಾಸ್ಪೆಟ್' ಎನಿಸಿಕೊಂಡಿದ್ದ ಊರು 2014ರ ನವೆಂಬರ್ 1ರಂದು, ರಾಜ್ಯದ ಇತರ 11 ನಗರಗಳೊಡನೆ, ತನ್ನ ಕನ್ನಡ ರೂಪವಾದ 'ಹೊಸಪೇಟೆ'ಯನ್ನೇ ಅಧಿಕೃತವಾಗಿ ಪಡೆಯಿತು. ಹಳೆಯ ಹೆಸರು ಬರೆದ ಕಾಗದವನ್ನೂ ಅಂಚೆಯಣ್ಣನು ತಂದು ಮುಟ್ಟಿಸಿದನು. ಅವನು ಊರನ್ನು ಬಲ್ಲವನು. ಅಂತರ್ಜಾಲದಲ್ಲಿ ಅಂತಹ ಅಂಚೆಯಣ್ಣನಿಲ್ಲ. ಅವನ ಕೆಲಸವನ್ನು ನಾವೇ ಏರ್ಪಡಿಸಬೇಕು. ಅದಕ್ಕೆ 'ರಿಡೈರೆಕ್ಟ್', ಅಂದರೆ ಮರುನಿರ್ದೇಶನವೆಂದು ಹೆಸರು.

ಅದರ ಕ್ರಮ ಸರಳವಾಗಿದೆ. ಹಳೆಯ ಹೆಸರಿನಲ್ಲಿ ಬಂದವನಿಗೆ ಅಲ್ಲಿಯ ಗಣಕಯಂತ್ರವು ಹೊಸ ವಿಳಾಸವನ್ನು ತಿಳಿಸುತ್ತದೆ. ಓದುಗನ ಫೋನು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. '301' ಎಂಬ ಸಂಖ್ಯೆಯ ಉತ್ತರಕ್ಕೆ ಶಾಶ್ವತವಾಗಿ ಮನೆ ಬದಲಿಸಿದ್ದೇವೆ ಎಂದೂ, '302'ಕ್ಕೆ ಸದ್ಯಕ್ಕೆ ಅಲ್ಲಿದ್ದೇವೆ ಎಂದೂ ಅರ್ಥ. ಮೊದಲನೆಯದನ್ನು ಕಂಡ ಗೂಗಲ್ ಮುಂತಾದ ಹುಡುಕುತಾಣಗಳು ಹಳೆಯ ಹೆಸರಿನ ಬದಲು ಹೊಸದನ್ನೇ ತೋರಿಸತೊಡಗುತ್ತವೆ. ಆದರೆ ಎಲ್ಲರನ್ನೂ ಹೊಸ ಮನೆಯ ಹೆಬ್ಬಾಗಿಲಿಗೆ ತಂದು ಬಿಟ್ಟರೆ ಸಾಲದು. ದಾಸೋಹದ ಪುಟ ಕೇಳಿದವನಿಗೆ ದಾಸೋಹದ ಪುಟವೇ, ಪಂಚಾಂಗ ಕೇಳಿದವನಿಗೆ ಪಂಚಾಂಗವೇ ದೊರೆಯಬೇಕು.

ಎಲ್ಲ ಬದಲಾವಣೆಗೂ ಇದೇ ಮದ್ದೆಂದು ತಿಳಿಯಬಾರದು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯೂ ಹಂಪಿಯೂ ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಬಳ್ಳಾರಿ ಜಿಲ್ಲೆಯ ಜಾಲತಾಣಕ್ಕೆ ಬಂದವರನ್ನೆಲ್ಲ ವಿಜಯನಗರಕ್ಕೆ ತಿರುಗಿಸಿದ್ದರೆ ಸಂಡೂರಿನವರ ಗತಿಯೇನು? ಮನೆ ಪಾಲಾದಾಗ ಎರಡು ಬಾಗಿಲು ಬೇಕು, ನಡುವೆ ಒಂದು ಕೈಮರ ಬೇಕು. ಮನೆಯೇ ಸ್ಥಳಾಂತರಗೊಂಡಾಗ ಮಾತ್ರ ಮರುನಿರ್ದೇಶನ ಸಲ್ಲುತ್ತದೆ.

ಮನೆಗಳು ಕೂಡಿಕೊಂಡಾಗಲೂ ಅದು ಬೇಕಾಗುತ್ತದೆ. ನಮ್ಮ ಹಳ್ಳಿಗಳ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಎನಿಸಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಡನೆ ಸೇರಿ, ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಒಂದೇ ಬ್ಯಾಂಕಾಯಿತು. ಅದೇ ವರ್ಷದ ಏಪ್ರಿಲ್ 22ರಂದು ರಿಸರ್ವ್ ಬ್ಯಾಂಕು, ಅಕ್ಟೋಬರ್ 31ರೊಳಗೆ ಬ್ಯಾಂಕುಗಳು ತಮ್ಮ ಜಾಲತಾಣಗಳನ್ನು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಕೊನೆಯುಳ್ಳ ಹೆಸರಿಗೆ ಬದಲಿಸಿಕೊಳ್ಳಬೇಕೆಂದು ಆದೇಶಿಸಿತು. ಈ ಕೊನೆಯನ್ನು ಬ್ಯಾಂಕುಗಳಿಗಲ್ಲದೆ ಇತರರಿಗೆ ಕೊಡುವುದಿಲ್ಲ. ವಂಚಕರನ್ನು ತಡೆಯುವುದೇ ಇದರ ಉದ್ದೇಶ.

ಆದುದರಿಂದ ಗೃಹಸ್ಥರು ಒಂದು ಮಾತನ್ನು ನೆನಪಿಡಬೇಕು. ನೀವೇ ಟೈಪು ಮಾಡಿದ ಹಳೆಯ ಹೆಸರು ಹೊಸದಕ್ಕೆ ಕರೆದೊಯ್ದರೆ ಗಾಬರಿಯಾಗಬೇಡಿರಿ. ಆದರೆ ಮುಟ್ಟಿದ ಮೇಲೆ ಹೆಸರಿನ ಕೊನೆಯನ್ನು ಓದಿರಿ. ಆ ಪದಗಳು ನಡುವೆಯೆಲ್ಲೋ ಇದ್ದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬ್ಯಾಂಕಲ್ಲ. "ವಿಳಾಸ ಬದಲಾಗಿದೆ, ಇದನ್ನು ಒತ್ತಿರಿ" ಎಂದು ಮೊಬೈಲಿಗೆ ಬರುವ ಸಂದೇಶವನ್ನಂತೂ ನಂಬಲೇಬೇಡಿರಿ.

ಮಠಗಳ, ವಿದ್ಯಾಸಂಸ್ಥೆಗಳ, ಸಂಘಗಳ ಕಾರ್ಯಕರ್ತರಲ್ಲಿಯೂ ನಮ್ಮದೊಂದು ವಿನಂತಿ. ಹೆಸರು ಬದಲಿಸಿದರೂ ಹಳೆಯದರ ಶುಲ್ಕವನ್ನು ನಿಲ್ಲಿಸಬೇಡಿರಿ. ಆ ಹೆಸರು ಯಾವ ಕಾರ್ಯಕರ್ತನ ಸ್ವಂತ ಖಾತೆಯಲ್ಲಿಯೂ ಇರದೆ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಪುಟಗಳ ಮರುನಿರ್ದೇಶನದಿಂದ ಇ-ಮೇಲುಗಳು ಹೊಸ ವಿಳಾಸಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು. ಹಳೆಯ ಹೆಸರನ್ನು ಕೊಂಡವನು ಆ ವಿಳಾಸಕ್ಕೆ ಬರುವ ಕಾಗದಗಳನ್ನೂ ಪಡೆಯಬಲ್ಲನು. ಕಾಣಿಕೆಯ ವಿಚಾರಣೆಯೂ ಅವನಲ್ಲಿಗೇ ಹೋದೀತು.

ದಾಸೋಹದ ಮನೆಯವರು ಬಾಗಿಲು ಬದಲಿಸಿದರೆ, ಹಳೆಯ ಬಾಗಿಲಿಗೆ ಹಸಿದು ಬಂದವನನ್ನು ಕೈಹಿಡಿದು ಕರೆತರುವುದು ಅವರ ಧರ್ಮ. ನಾವು ಅಲ್ಪ ಹಣದ ಉಳಿತಾಯಕ್ಕಾಗಿ ಆ ಧರ್ಮವನ್ನು ಮರೆತೆವು. ಉಳಿದ ಪ್ರತಿಗಳ ಮೇಲೆ ಹೊಸ ವಿಳಾಸದ ಚೀಟಿ ಅಂಟಿಸಿದ್ದಾಯಿತು. ಮನೆಮನೆಗೆ ಹೋಗಿರುವವನ್ನು ಮರಳಿ ಕರೆಯುವುದು ಹೇಗೆ? ಕಂಪ್ಲಿಯ ಆ ತಾಯಿಯವರು ಮಾತ್ರ, "ಇರ್ಲಿ ಬಿಡ್ರಿ, ನಮ್ಮ ಓಣಿಯಾಗ ಯಾರ್ಯಾರ ಮನ್ಯಾಗ ಆ ಪುಸ್ತಕ ಐತಿ ಅಂತ ನನಗ ಗೊತ್ತೈತಿ. ಪೆನ್ನು ತಗೊಂಡು ಹೋಗಿ ಹೊಡೆದು ಬರ್ತೀನಿ" ಎಂದರು. ನಮ್ಮ ಗಣಕಯಂತ್ರ ಮಾಡದ ಕೆಲಸವನ್ನು ಆ ಹಿರಿಯ ಜೀವ ಮಾಡುತ್ತಿದೆ.