ಕೊರಿಯಾದಿಂದ ಮರಳಿದವರು

1951ರ ಏಪ್ರಿಲ್ 25ರ ನಸುಕು. ಕೊರಿಯಾದ ಇಮ್ಜಿನ್ ನದಿಯ ದಕ್ಷಿಣಕ್ಕೆ, ಸೇನೆಯ ನಕಾಶೆಯಲ್ಲಿ 235 ಎಂಬ ಅಂಕಿಯಷ್ಟೇ ಇದ್ದ ಒಂದು ಗುಡ್ಡ. ಅದರ ಮೇಲಿದ್ದ ಬ್ರಿಟನ್ನಿನ ಗ್ಲಾಸ್ಟರ್‌ಷೈರ್ ರೆಜಿಮೆಂಟಿನವರನ್ನು ಚೀನೀ ಪಡೆ ನಾಲ್ಕೂ ಕಡೆಯಿಂದ ಮುತ್ತಿತ್ತು. ಪ್ರತಿ ದಾಳಿಗೂ ಮೊದಲು ಕೆಳಗಿನಿಂದ ಕಹಳೆ ಕೇಳಿಸುತ್ತಿತ್ತು. ಆಗ ಡ್ರಮ್ ಮೇಜರ್ ಬಸ್ ತಮ್ಮ ಕಹಳೆ ಹಿಡಿದು ನಿಂತು, ಸಿಪಾಯಿಗಳನ್ನು ಬೆಳಗ್ಗೆ ಎಬ್ಬಿಸುವ ಕರೆಯಿಂದ ಹಿಡಿದು ಊಟದ ಕರೆಯವರೆಗೆ ಒಂದಾದ ಮೇಲೊಂದು ಊದಿದರು. ಹಿಮ್ಮೆಟ್ಟುವ ಕರೆಯೊಂದನ್ನು ಮಾತ್ರ ಊದಲಿಲ್ಲ. ಅದೇ ದಿನ ಆ ಗುಡ್ಡ ಶತ್ರುಗಳ ಕೈಸೇರಿತು. ಬದುಕುಳಿದವರಲ್ಲಿ ಹೆಚ್ಚಿನವರು ಸೆರೆಯಾಗಿ, ಯಾಲು ನದಿಯ ಬಳಿಯ ಶಿಬಿರಗಳಲ್ಲಿ ಎರಡು ವರ್ಷ ಕಳೆದರು.

ಇಮ್ಜಿನ್ ನದಿಯ ದಂಡೆಯಲ್ಲಿ ಇನ್ನೊಂದು ತುಕಡಿಯೂ ಇತ್ತು. ಏಪ್ರಿಲ್ 23 ಇಂಗ್ಲೆಂಡಿಗೆ ಸಂತ ಜಾರ್ಜರ ಹಬ್ಬದ ದಿನ. ನಾರ್ಥಂಬರ್ಲ್ಯಾಂಡ್ ಫ್ಯುಸಿಲಿಯರ್‌ಗಳು ವಾಡಿಕೆಯಂತೆ ಟೋಪಿಗೆ ಗುಲಾಬಿ ಸಿಕ್ಕಿಸಿಕೊಂಡೇ ಗುಂಡು ಹಾರಿಸಿದರು.

ಯಾರು ಈ ಜನ? ಕಾರ್ಖಾನೆಯಿಂದ, ಅಂಗಡಿಯಿಂದ, ಹೊಲದಿಂದ ಬಂದ ಹುಡುಗರು. ಆಗ ಬ್ರಿಟನ್ನಿನಲ್ಲಿ ಯುವಕರಿಗೆ ಕಡ್ಡಾಯ ಸೈನ್ಯಸೇವೆ ಇತ್ತು. ಕೊರಿಯಾ ಯುದ್ಧದ ದೆಸೆಯಿಂದಲೇ ಅದರ ಅವಧಿಯನ್ನು 1950ರಲ್ಲಿ ಒಂದೂವರೆ ವರ್ಷದಿಂದ ಎರಡು ವರ್ಷಕ್ಕೆ ಏರಿಸಿದರು. ಹತ್ತೊಂಬತ್ತು ತುಂಬಿದರೆ ಸಾಕು, ಹಡಗು ಹತ್ತಬೇಕು. ಜೊತೆಗೆ, ಹಿಂದಿನ ಮಹಾಯುದ್ಧ ಮುಗಿಸಿ ಮನೆ ಸೇರಿದ್ದ ಮೀಸಲು ಸೈನಿಕರಿಗೂ ಮತ್ತೆ ಓಲೆ ಹೋಯಿತು. ಅವರ ಸಂಕಟ ಹುಡುಗರದಕ್ಕಿಂತ ದೊಡ್ಡದು. ಹೆಂಡತಿ ಮಕ್ಕಳನ್ನು ಬಿಟ್ಟು ಎರಡನೇ ಸಲ ಹೊರಟವರು ಅವರು. ಈ ಯುದ್ಧದಲ್ಲಿ ಸತ್ತ ಬ್ರಿಟಿಷರು ಸಾವಿರಕ್ಕೂ ಹೆಚ್ಚು.

ಮರಳಿ ಬಂದವರನ್ನು ಊರು ವಿಚಾರಿಸಲಿಲ್ಲ. 1953ರ ಜುಲೈ 27ರಂದು ಆದದ್ದು ಕದನವಿರಾಮ, ಗೆಲುವಲ್ಲ. ಸಂಭ್ರಮಿಸಲು ಏನೂ ಇರಲಿಲ್ಲ. ರಾಣಿಯ ಪಟ್ಟಾಭಿಷೇಕ ಆಗಷ್ಟೇ ಮುಗಿದಿತ್ತು, ಮಾಂಸಕ್ಕೆ ಇನ್ನೂ ರೇಷನ್ ಇತ್ತು. ಜನರಿಗೆ ಮತ್ತೊಂದು ಯುದ್ಧದ ಕತೆ ಬೇಡವಾಗಿತ್ತು. ಸಿಪಾಯಿಗಳು ಸುಮ್ಮನಾದರು, ಅನೇಕರು ನಲವತ್ತು ಐವತ್ತು ವರ್ಷ ಸುಮ್ಮನಿದ್ದರು. ಕೊನೆಗೆ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನವರು ಧ್ವನಿಮುದ್ರಣ ಮಾಡಿಕೊಂಡಾಗ, ಆಂಡ್ರೂ ಸಾಲ್ಮನ್‌ರಂಥ ಬರಹಗಾರರು ಮನೆಮನೆಗೆ ಹೋಗಿ ಕೇಳಿದಾಗ ಬಾಯಿ ಬಿಟ್ಟರು.

ಅವರು ಹೇಳಿದ್ದರಲ್ಲಿ ರಣನೀತಿ ಕಡಿಮೆ, ಚಳಿ ಹೆಚ್ಚು. ಮೊದಲ ತಂಡ ಹಾಂಗ್‌ಕಾಂಗ್‌ನಿಂದ ಬೇಸಿಗೆಯ ಉಡುಪಿನಲ್ಲೇ ಬಂದಿತ್ತು. ಸೈಬೀರಿಯಾದ ಗಾಳಿ ಬೀಸಿದ ಮೇಲೆ ಬಂದೂಕಿನ ಎಣ್ಣೆ ಹೆಪ್ಪುಗಟ್ಟಿತು, ಡಬ್ಬಿಯೊಳಗಿನ ಊಟ ಕಲ್ಲಾಯಿತು. ನಟ ಮೈಕೆಲ್ ಕೇನ್ ಕೂಡ ಅಲ್ಲಿದ್ದ ಸಾಮಾನ್ಯ ಸಿಪಾಯಿಯೇ. ಲಂಡನ್ನಿನ ಬಡ ಮನೆಯ ಹುಡುಗ, 1952ರಲ್ಲಿ ರಾಯಲ್ ಫ್ಯುಸಿಲಿಯರ್ಸ್ ಜೊತೆ ಹೋದರು. ಎರಡು ಸೇನೆಗಳ ನಡುವಿನ ಬಯಲಿನಲ್ಲಿ ರಾತ್ರಿ ಗಸ್ತು ತಿರುಗುವಾಗ ಅವರ ಮೂಗಿಗೆ ಮೊದಲು ಬಡಿದದ್ದು ಬೆಳ್ಳುಳ್ಳಿಯ ವಾಸನೆ. ಚೀನೀ ಸೈನಿಕರು ಅದನ್ನು ಅಗಿಯುತ್ತಿದ್ದರು. ಕತ್ತಲಲ್ಲಿ ಶತ್ರು ಹತ್ತಿರವೇ ಇದ್ದಾನೆಂದು ತಿಳಿದದ್ದು ಅದರಿಂದ. ಇಂಥ ವಿವರ ಯಾವ ಸೇನಾಧಿಪತಿಯ ವರದಿಯಲ್ಲೂ ಸಿಗದು. ತಾರೀಖು, ಊರಿನ ಹೆಸರುಗಳಲ್ಲಿ ಈ ಮುದುಕರು ತಪ್ಪಬಹುದು. ವಾಸನೆ, ಸದ್ದು, ಭಯದ ವಿಷಯದಲ್ಲಿ ಅವರ ಮಾತನ್ನು ನಂಬಲೇಬೇಕು.

ಬ್ರಿಟನ್ ಮರೆತವರನ್ನು ನೆನೆದದ್ದು ಕೊರಿಯಾ. ದಕ್ಷಿಣ ಕೊರಿಯಾ ಸರ್ಕಾರ ಹಳೆಯ ಸೈನಿಕರನ್ನು ಕರೆಸಿಕೊಂಡು ಗೌರವಿಸಿತು; ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2014ರಲ್ಲಿ ತೆರೆದ ಸ್ಮಾರಕವೂ ಅದರದೇ ಕೊಡುಗೆ. ವಿಕ್ಟೋರಿಯಾ ಕ್ರಾಸ್ ಪಡೆದ ಪ್ರೈವೇಟ್ ಬಿಲ್ ಸ್ಪೀಕ್‌ಮನ್ 2018ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಬೂಸಾನ್‌ನ ವಿಶ್ವಸಂಸ್ಥೆಯ ಸ್ಮಶಾನಕ್ಕೆ ಒಯ್ದರು. ಕದನವಿರಾಮದ ಎಪ್ಪತ್ತನೇ ವರ್ಷದಂದು ಅದೇ ಬೂಸಾನ್‌ನಲ್ಲಿ, ತೊಂಬತ್ತು ದಾಟಿದ ಕಾಲಿನ್ ಥ್ಯಾಕರಿ ಕೊರಿಯನ್ನರ ಜನಪದ ಗೀತೆ ‘ಅರಿರಂಗ್’ ಹಾಡಿದರು. ಅವರೂ ಅಲ್ಲಿ ಹೋರಾಡಿದವರೇ.

ಈ ಕತೆಯಲ್ಲಿ ನಮ್ಮವರೂ ಇದ್ದಾರೆ. ಗಾಯಗೊಂಡ ಬ್ರಿಟಿಷ್ ಸಿಪಾಯಿಗಳಿಗೆ ಶುಶ್ರೂಷೆ ಮಾಡಿದ್ದು ಕರ್ನಲ್ ರಂಗರಾಜ್ ನೇತೃತ್ವದ ಭಾರತದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್. ಯುದ್ಧ ನಿಂತ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ ಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಆ ಕೈದಿಗಳಲ್ಲಿ ಬ್ರಿಟಿಷನೆಂದರೆ ಒಬ್ಬನೇ, ಆಂಡ್ರೂ ಕಾಂಡ್ರನ್ ಎಂಬ ಸ್ಕಾಟಿಷ್ ನೌಕಾಯೋಧ. ಚೀನಾಕ್ಕೆ ಹೋದ ಆತ 1962ರಲ್ಲಿ ಊರಿಗೆ ಮರಳಿದ.

ತಿಮ್ಮಯ್ಯನವರ ಅನುಭವ ಪುಸ್ತಕವಾಗಿ ಬಂದಿದೆ. ಅವರ ಜೊತೆ ಅಲ್ಲಿ ಮುಳ್ಳುತಂತಿಯ ಕಾವಲು ಕಾಯ್ದ ಜವಾನರ ಮಾತು? ಕೊಡಗಿನಲ್ಲಾಗಲಿ, ನಾಡಿನ ಬೇರೆ ಎಲ್ಲೇ ಆಗಲಿ, ಕೊರಿಯಾದಿಂದ ಬರೆದ ಒಂದು ಕಾಗದ, ಒಂದು ದಿನಚರಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಇದ್ದರೆ ದಯವಿಟ್ಟು ಪತ್ರಿಕೆಗೆ ತಿಳಿಸಿ. ಅಕ್ಷರ ಬಾರದ ಅಜ್ಜ ಮೊಮ್ಮಕ್ಕಳಿಗೆ ಬಾಯಲ್ಲಿ ಹೇಳಿದ್ದಾದರೂ ಸರಿ, ಬರೆದು ಕಳಿಸಿ. ಇದ್ದದ್ದು ಇದ್ದಂತೆಯೇ ಅಚ್ಚಾಗುತ್ತದೆ.