ಪುಚ್ಚೆಯ ಸಿನೆಮವೂ ಮಾಯ ಅಪ್ಪ ಮಸಿಯೂ

ದೊಡ್ಡರಜೆಲಿ ಪುಳ್ಳಿಯಕ್ಕೊ ಎಲ್ಲ ಮನೆಗೆ ಬಂದಿಪ್ಪಗ, ಒಂದು ದಿನ ಮಧ್ಯಾಹ್ನ ಊಟ ಆಗಿ, ಚಾವಡಿಲಿ ಹಸೆ ಹಾಸಿ ಕೂದು ಒಂದು ಹಳೇ ಕಾರ್ಟೂನು ಸಿನೆಮಾ ನೋಡಿದೆಯೊ°. ಹೆಸರು ‘ಗೇ ಪರ್ರೀ’. 1962ರಲ್ಲಿ ಅಮೇರಿಕಲ್ಲಿ ಬಂದದು. ಪ್ಯಾರಿಸಿನ ಹೆಸರನ್ನೂ ಪುಚ್ಚೆ ಗುರುಗುಟ್ಟುದನ್ನೂ ಸೇರ್ಸಿ ಮಾಡಿದ ಹೆಸರಡ. ಪುಚ್ಚೆಗಳ ಪ್ರೀತಿಯ ಕತೆ, ಮಧ್ಯೆ ಮಧ್ಯೆ ಲಾಯ್ಕದ ಪದ್ಯಂಗೊ. ಮಕ್ಕೊಗೆ ಕೊಶಿಯೋ ಕೊಶಿ.

ಮುಗುದಪ್ಪಗ ಎಂಗಳ ದೊಡ್ಡತ್ತೆ ಎಲೆ-ಅಡಕ್ಕೆ ಬಾಯಿಗೆ ಹಾಕಿಕ್ಕಿ ತೀರ್ಪು ಕೊಟ್ಟವು: “ನೋಡಿದಿರಾ ಕೂಸುಗಳೇ, ಮನೆ ಬಿಟ್ಟು ಪೇಟೆಗೆ ಹೋದರೆ ಹೀಂಗೇ ಅಪ್ಪದು.” ಕೂದ ಹೆಮ್ಮಕ್ಕೊ ಎಲ್ಲ ತಲೆ ಆಡ್ಸಿದವು. ಆನೂ ಆ ಹೊತ್ತಿಂಗೆ ಬಾಯಿ ಬಿಟ್ಟಿದಿಲ್ಲೆ. ಇರುಳು ಮಾಂತ್ರ ಒರಕ್ಕು ಬಯಿಂದಿಲ್ಲೆ. ದೊಡ್ಡತ್ತೆ, ಬೇಜಾರ ಮಾಡೆಡಿ, ನಿಂಗಳ ತೀರ್ಪು ತಪ್ಪು. ಎಂತಗೆ ಹೇಳಿ ಇಲ್ಲಿ ಬರೆತ್ತೆ.

ನೋಡದ್ದೋರಿಂಗೆ ಕತೆ ರಜ ಹೇಳ್ತೆ. 1890ರ ದಶಕ. ಫ್ರಾನ್ಸಿನ ಪ್ರೊವಾನ್ಸ್ ಹೇಳ್ತ ಸೀಮೆಲಿ ಒಂದು ಕೃಷಿಕರ ಮನೆ. ಅಲ್ಲಿ ಮ್ಯೂಸೆಟ್ ಹೇಳ್ತ ಬೆಳಿ ಪುಚ್ಚೆ. ಅದರ ಮೇಲೆ ಜೀವ ಮಡಗಿದ ಗೆಂಡು ಪುಚ್ಚೆ ಜೋನ್ ಟಾಮ್, ಎಲಿ ಹಿಡಿವದರಲ್ಲಿ ಭಾರೀ ಉಶಾರಿ. ಮ್ಯೂಸೆಟ್ಟಿಂಗೆ ಪ್ಯಾರಿಸಿನ ಮರುಳು. ಒಂದು ದಿನ ರೈಲು ಹತ್ತಿ ಹೋವುತ್ತು. ಅಲ್ಲಿ ಮ್ಯಾವ್‌ರೀಸ್ ಹೇಳ್ತ ಪೇಟೆ ಪುಚ್ಚೆಯ ಕೈಗೆ ಸಿಕ್ಕುತ್ತು. ಅವ° ಅದರ ಮದಾಮ್ ರುಬೆನ್ಸ್-ಶಾತ್ ಹೇಳ್ತ ಹೆಂಗಸಿನ ಹತ್ತರೆ ಬಿಡ್ತ°, ಪೇಟೆಯ ನಯ-ನಾಜೂಕು ಕಲಿವಲೆ. ಅವನ ಲೆಕ್ಕಾಚಾರ ಬೇರೆಯೇ. ಅಮೇರಿಕದ ಪಿಟ್ಸ್‌ಬರ್ಗಿಲಿಪ್ಪ ಒಬ್ಬ ಸಾಹುಕಾರ ಪುಚ್ಚೆಗೆ ಮದುವೆ ಹೇಳಿ ಈ ಕೂಸಿನ ಪೆಟ್ಟಿಗೆಲಿ ತುಂಬ್ಸಿ ಕಳ್ಸುದು, ಪೈಸೆ ಎಣುಸುದು.

ಈಗ ಲೆಕ್ಕ ಹಾಕಿ. ಮನೆ ಬಿಟ್ಟದು ಮ್ಯೂಸೆಟ್ ಒಂದೆಯೋ? ಅಲ್ಲ. ಜೋನ್ ಟಾಮುದೇ ಬಿಟ್ಟ°, ಅವನೊಟ್ಟಿಂಗೆ ರೋಬೆಸ್ಪಿಯರ್ ಹೇಳ್ತ ಸಣ್ಣ ಪುಚ್ಚೆಯೂ ಹೆರಟತ್ತು. ಮ್ಯೂಸೆಟ್ಟಿನ ಹುಡುಕ್ಕಿಂಡು ಪ್ಯಾರಿಸಿಂಗೆ ಬಂದವು, ಅದೇ ಮ್ಯಾವ್‌ರೀಸಿನ ಕಣ್ಣಿಂಗೆ ಬಿದ್ದವು. ಎಲಿ ಹಿಡಿವಲೆ ಲಾಯ್ಕ ಆವ್ತು ಹೇಳಿ ಅವ° ಇಬ್ರನ್ನೂ ಅಲಾಸ್ಕಕ್ಕೆ ಹೋಪ ಹಡಗಿಂಗೆ ಮಾರಿದ°. ಮೋಸ ಹೋಪದರಲ್ಲಿ ಗೆಂಡು-ಹೆಣ್ಣು ಸಮ ಸಮ. ಅಲಾಸ್ಕಲ್ಲಿ ಅವಕ್ಕೆ ಚಿನ್ನ ಸಿಕ್ಕಿತ್ತು, ಅದು ಬೇರೆ ಮಾತು. ಎಂಗಳ ಚಾವಡಿಲಿ ಆರಾದರೂ “ನೋಡಿದಿರಾ ಮಾಣಿಯಂಗಳೇ, ಊರು ಬಿಟ್ಟರೆ ಹೀಂಗೇ” ಹೇಳಿದ್ದವಾ? ಇಲ್ಲೆ. ಮಾಣಿ ಊರು ಬಿಟ್ಟರೆ ಅದು ಸಾಹಸ, ಕೂಸು ಬಿಟ್ಟರೆ ಬಾಕಿದ್ದೋರಿಂಗೆ ಪಾಠ.

ಇನ್ನೊಂದು. ಅಕೇರಿಗೆ ಪುಚ್ಚೆಗೊ ಪ್ರೊವಾನ್ಸಿನ ಹಟ್ಟಿಗೆ ವಾಪಾಸು ಹೋವ್ತವೋ? ಇಲ್ಲೆ. ಮ್ಯಾವ್‌ರೀಸ್ ಅದೇ ಪೆಟ್ಟಿಗೆಲಿ ಪಿಟ್ಸ್‌ಬರ್ಗಿಂಗೆ ಹೋವ್ತ°, ಮೂರು ಪುಚ್ಚೆಗೊ ಪ್ಯಾರಿಸಿಲ್ಲೇ ಗೌಜಿಲಿ ಇರ್ತವು. ಕೂಸು ಆಶೆ ಪಟ್ಟ ಪೇಟೆಯನ್ನೇ ಕೂಸಿಂಗೆ ಕೊಟ್ಟು ಸಿನೆಮಾ ಮುಗಿತ್ತು. ಸಿನೆಮಾ ಮಾಡಿದೋರೇ ಆಶೆ ತಪ್ಪು ಹೇಳದ್ದಿಪ್ಪಗ ಎಂಗೊ ಎಂತಗೆ ಹೇಳೆಕ್ಕು? ತಪ್ಪು ಆಶೆದಲ್ಲ, ದಲಾಲಿಯದ್ದು.

ಅದರ್ಲಿ ಎನಗೆ ಮರವಲೆ ಎಡಿಯದ್ದು ಒಂದು ಜಾಗೆ. ಕೂಸು ಪೂರಾ ತಯಾರಾದ ಮೇಲೆ ಮ್ಯಾವ್‌ರೀಸ್ ದೊಡ್ಡ ದೊಡ್ಡ ಕಲಾವಿದರತ್ರೆ ಅದರ ಚಿತ್ರ ಬರೆಶುತ್ತ°. ಮೊನೆ, ಡೆಗಾ, ರೆನ್ವಾ, ಸೆಜಾನ್, ವ್ಯಾನ್ ಗೋ, ಗೊಗ್ಯಾನ್, ಪಿಕಾಸೋ, ಹೀಂಗೆ ಒಬ್ಬೊಬ್ಬನ ಶೈಲಿಲಿ ಒಂದೊಂದು ಮ್ಯೂಸೆಟ್. ಮಕ್ಕೊಗೆ ಚಿತ್ರಕಲೆಯ ಪಾಠ ಆತು, ಒಳ್ಳೆದೇ. ಎನಗೆ ನೆಂಪಾದ್ದು ಎಂಗಳ ಪೇಟೆಯ ಫೋಟೋ ಸ್ಟುಡಿಯೋ. ಸೀರೆಲಿ ಒಂದು, ಚೂಡಿದಾರಲ್ಲಿ ಒಂದು, ನಿಂದದು, ಕೂದದು, ಹೂಗು ಮುಡುದ್ದು, ತಲೆ ರಜ ಓರೆ ಮಾಡಿದ್ದು. ಎಲ್ಲ ಚಿತ್ರವೂ ಕೂಸಿಂದೇ, ಆದರೆ ಒಂದೂ ಕೂಸಿಂಗೆ ಅಲ್ಲ. ಎಂಗಳೋರಿಂಗೆ ಪಿಟ್ಸ್‌ಬರ್ಗ್ ಹೇಳಿರೆ ವೆಂಕಟರಮಣ ದೇವಸ್ಥಾನ ಇಪ್ಪ ಊರು, ಕೈ ಮುಗಿವ ಜಾಗೆ. ಆ ಹೆಸರು ಕೇಳಿಯಪ್ಪಗ ಎನ್ನ ಎದೆ ಒಂದರಿ ಝಲ್ ಹೇಳಿತ್ತು.

ಮಂಗ್ಳೂರಿಲ್ಲಿ ರೂಮು ಮಾಡಿ ಕೆಲಸಕ್ಕೆ ಹೋವ್ತೆ ಹೇಳಿದ ಕೂಸಿನ ಎಂಗೊ ಬಿಡ್ತಿಲ್ಲೆಯೊ°. ಕಾಲ ಸರಿ ಇಲ್ಲೆ ಹೇಳ್ತೆಯೊ°. ಅದೇ ಕೂಸಿನ, ಫೋಟೋಲ್ಲಿ ಮಾಂತ್ರ ನೋಡಿದ ಮನುಷ್ಯನೊಟ್ಟಿಂಗೆ ಸಮುದ್ರ ದಾಂಟುಸುಗ ಕಣ್ಣೀರು ಉದ್ದಿಗೊಂಡು ಕೊಶಿ ಪಡ್ತೆಯೊ°. ದೊಡ್ಡತ್ತೆಯ ಹೆದರಿಕೆ ಸುಳ್ಳು ಹೇಳಿ ಆನು ಹೇಳ್ತಿಲ್ಲೆ. ಪೇಟೆಲಿ ಮ್ಯಾವ್‌ರೀಸಂಗೊ ಇದ್ದವು. ಆದರೆ ಆ ಹೆದರಿಕೆ ಕೂಸಿನ ಬಾಗಿಲಿಂದ ಹೆರ ಬಿಡದ್ದೆ ಪೆಟ್ಟಿಗೆಯ ಒಳಂಗೆ ನೂಕಿರೆ, ಅದು ಆರ ಕಾದ ಹಾಂಗಾತು?

“ಪುಚ್ಚೆ ಕತೆಗೆ ಇಷ್ಟೆಲ್ಲ ಎಂತಗೆ” ಹೇಳಿ ಕೇಳುವಿ. ಅಂಬಗ ಮ್ಯೂಸೆಟ್ಟಿನ ಸ್ವರ ಆರದ್ದು ಹೇಳಿ ಕೇಳಿ. ಜೂಡಿ ಗಾರ್ಲಂಡ್. ಹುಟ್ಟಿದ ಹೆಸರು ಫ್ರಾನ್ಸೆಸ್ ಗಮ್, ಜೂಡಿ ಹೇಳುದು ಸ್ಟೇಜಿನ ಹೆಸರು. ಎರಡೂವರೆ ವರ್ಷಲ್ಲಿ ಸ್ಟೇಜು ಹತ್ತಿದ ಕೂಸು. ಊರೂರಿಂಗೆ ಹಾಡ್ಸಿಂಡು ತಿರುಗಿದ್ದು ಅದರ ಅಬ್ಬೆಯೇ. 1935ರಲ್ಲಿ, 13ನೇ ವರ್ಷಲ್ಲಿ, ಎಂಜಿಎಂ ಸ್ಟುಡಿಯೋಕ್ಕೆ ಸೇರಿತ್ತು. ಹಲ್ಲಿಂಗೆ ಕವಚ, ಮೂಗು ಚೆಂದ ಕಾಂಬಲೆ ಒಳಂದ ರಬ್ಬರು, ಹೊಟ್ಟೆ ತುಂಬ ತಿಂಬಲೆ ಇಲ್ಲೆ, ತೂಕ ಇಳಿವಲೆ ಮಾತ್ರೆ, ಒರಗ್ಲೆ ಬೇರೆ ಮಾತ್ರೆ. 1939ರ ‘ವಿಜರ್ಡ್ ಆಫ್ ಓಜ್’ಲ್ಲಿ ಲೋಕವೇ ಮೆಚ್ಚಿತ್ತು. ಆ ಸಿನೆಮಕ್ಕೆ ಪದ್ಯ ಮಾಡಿದ ಹೆರಾಲ್ಡ್ ಆರ್ಲೆನ್, ಹಾರ್ಬರ್ಗ್ ಇಬ್ರೇ ಈ ಪುಚ್ಚೆ ಸಿನೆಮಕ್ಕೂ ಮಾಡಿದ್ದು. ಇದು ಬಪ್ಪಗ ಜೂಡಿಗೆ 40. ಮತ್ತೆ ಏಳು ವರ್ಷ, 1969ರಲ್ಲಿ, 47ನೇ ವರ್ಷಲ್ಲಿ, ಒರಕ್ಕಿನ ಮಾತ್ರೆ ಹೆಚ್ಚಾಗಿ ತೀರಿ ಹೋತು. ಮ್ಯೂಸೆಟ್ ಒಂದೇ ನಿಂದು ಪೇಟೆಯ ಬೇನೆ ಹಾಡುಗ, ಅದು ಬರೀ ಅಭಿನಯ ಹೇಳಿ ಎನಗೆ ಕಂಡಿದಿಲ್ಲೆ. ಪೆಟ್ಟಿಗೆ ಹೇಂಗಿರ್ತು ಹೇಳಿ ಆ ಸ್ವರಕ್ಕೆ ಗೊಂತಿತ್ತು.

ಈಗ ಎನ್ನ ಸ್ವಂತ ಲೆಕ್ಕ. ಕತೆಲಿ ಎಂಗೊ ಎಲ್ಲೋರೂ ಮ್ಯೂಸೆಟ್ ಹೇಳಿ ಗ್ರೇಶುತ್ತೆಯೊ°. ಅಲ್ಲ. ಎಂಗಳ ಪ್ರಾಯಕ್ಕೆ ಸಿಕ್ಕುದು ಮದಾಮಿನ ಪಾತ್ರ. ಸುಮಾರು ವರ್ಷ ಹಿಂದೆ ತಂಗೆಯ ಮಗಳ ನೋಡ್ಲೆ ಮಾಣಿಯ ಕಡೆಯೋರು ಬಪ್ಪಗ, “ದೊಡ್ಡಕ್ಕೆ ನೆಗೆ ಮಾಡೆಡ, ಕೆಲಸದ ಸುದ್ದಿ ತೆಗೆಯೆಡ, ಕೇಳಿದ್ದಕ್ಕೆ ಮಾಂತ್ರ ಉತ್ತರ ಕೊಡು” ಹೇಳಿ ಕಲಿಶಿದ್ದು ಆನೇ. ಕೂಸು ಕಲ್ತತ್ತು. ಮದುವೆಯೂ ಆತು. ಆರು ವರ್ಷ ಕಳುದು ಫೋನಿಲ್ಲಿ ಹೇಳಿತ್ತು: “ದೊಡ್ಡಮ್ಮ, ನಿಂಗೊ ಕಲಿಶಿದ ಹಾಂಗೆ ಮೆಲ್ಲಂಗೆ ಮಾತಾಡಿ ಮಾತಾಡಿ, ಎನ್ನ ಸ್ವರ ಎನಗೇ ಗುರ್ತ ಸಿಕ್ಕುತ್ತಿಲ್ಲೆ.” ಆನು ಎಂತ ಹೇಳಿದೆ ಗೊಂತಿದ್ದಾ? “ಸಮ ಅಕ್ಕು ಮಗಾ” ಹೇಳಿದೆ. ಮತ್ತೆಂತ ಹೇಳ್ಲೂ ಎನಗೆ ಬಾಯಿ ಬಯಿಂದಿಲ್ಲೆ.

ಮದಾಮಿಂಗೆ ಇಷ್ಟೆಲ್ಲ ಮಾಡಿದ್ದಕ್ಕೆ ಎಂತ ಸಿಕ್ಕಿತ್ತು? ಮ್ಯಾವ್‌ರೀಸ್ ಒಂದು ಚೆಕ್ಕು ಬರದು ಕೊಟ್ಟ°. ಬರದ್ದು ಮಾಯ ಅಪ್ಪ ಮಸಿಲಿ. ಮಕ್ಕೊ ಬಿದ್ದು ಬಿದ್ದು ನೆಗೆ ಮಾಡಿದವು. ಎನಗೆ ನೆಗೆ ಬಯಿಂದಿಲ್ಲೆ. ಕೂಸುಗಳ ತಿದ್ದಿ ತೀಡಿ ಕೊಟ್ಟದಕ್ಕೆ ಎಂಗೊಗೆ ಸಿಕ್ಕುದುದೇ ಅಷ್ಟೇ: “ಒಳ್ಳೆ ಸಂಸ್ಕಾರ ಕೊಟ್ಟಿದಿ” ಹೇಳಿ ಜೆಂಬರಲ್ಲಿ ಒಂದು ಮಾತು. ಮರುದಿನ ನೋಡಿರೆ ಕಾಗದ ಖಾಲಿ.

ಅಂಬಗ ಕೂಸುಗೊಕ್ಕೆ ಎಂತದೂ ಕಲಿಶಲಾಗದಾ? ಧಾರಾಳ ಕಲಿಶುವೊ°. ಟಿಕೇಟು ತೆಗವಲೆ, ಬ್ಯಾಂಕಿನ ಲೆಕ್ಕ ನೋಡ್ಲೆ, ಸಹಿ ಹಾಕುವ ಮೊದಲು ಓದುಲೆ, ಬೇಡ ಹೇಳ್ಲೆ. ವಾಪಾಸು ಬಂದರೆ ಈ ಮನೆಯ ಬಾಗಿಲು ತೆಗದಿರ್ತು ಹೇಳಿಯೂ ಕಲಿಶುವೊ°. ಮ್ಯೂಸೆಟ್ಟಿಂಗೆ ಇದರ್ಲಿ ಒಂದನ್ನಾದರೂ ಆರಾದರೂ ಹೇಳಿಕೊಟ್ಟಿದ್ದರೆ ಮ್ಯಾವ್‌ರೀಸಿನ ವ್ಯಾಪಾರ ಅಂದೇ ಬಂದ್ ಆವ್ತಿತು.

ಬಪ್ಪ ವಾರ ಎಂಗಳ ಮನೆಯ ಒಂದು ಕೂಸಿನ ಫೋಟೋ ತೆಗೆಶೆಕ್ಕು ಹೇಳಿ ಆಯಿದು. ಸೀರೆ ಆರಿಸುವ ಕೆಲಸ ಎನ್ನದು. ನಿನ್ನೆ ಆನು ಕೂಸಿನತ್ರೆ ಮೊದಲ ಸರ್ತಿ ಕೇಳಿದೆ, “ನಿನಗೆ ಎಂತ ಕಾಣ್ತು?” ಅದು ಎನ್ನನ್ನೇ ಕೇಳಿತ್ತು, “ಅವನ ಫೋಟೋ ಎಷ್ಟು ಬೈಂದು?” ಒಂದು. ಅದೂ ದೂರಂದ, ಕಾರಿಂಗೆ ಎರಗಿ ನಿಂದದು. ಅವ° ಬಾಕಿ ಆರು ಕಳ್ಸಲಿ, ಕೂಸಿನೊಟ್ಟಿಂಗೆ ನಾಲ್ಕು ಸರ್ತಿ ಮಾತಾಡ್ಲಿ, ಮತ್ತೆ ಸೀರೆಯ ಸುದ್ದಿ ತೆಗವೊ° ಹೇಳಿ ಆನು ಮನೆಲಿ ಹೇಳಿದ್ದೆ. ದೊಡ್ಡತ್ತೆ ಬೈಗು, ಬೈಯಲಿ.

ದೊಡ್ಡತ್ತೆ, ಸಿನೆಮಾ ಇನ್ನೊಂದರಿ ಹಾಕುವೊ°. ಈ ಸರ್ತಿ ಕೂಸಿನ ನೋಡೆಡಿ, ಮದಾಮಿನ ನೋಡಿ. ಎಲೆ-ಅಡಕ್ಕೆ ಆನೇ ಮಡುಸಿ ಕೊಡ್ತೆ.