ಬೇರೆ ತಟ್ಟೆ ಬೇಕಿಲ್ಲ



ನಮ್ಮ ಕೂಟದ ಸಹಾಯನಿಧಿಯನ್ನು ಈ ವರ್ಷ ಯಾವ ಕೆಲಸಕ್ಕೆ ಕಳಿಸಬೇಕೆಂದು ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚರ್ಚೆ ನಡೆಯಿತು. ಶಾಲೆಗೆ ಕಂಪ್ಯೂಟರು, ದೇವಸ್ಥಾನದ ಜೀರ್ಣೋದ್ಧಾರ, ಕಣ್ಣಿನ ಶಿಬಿರ, ಹೀಗೆ ಒಂದೊಂದಕ್ಕೂ ಕೆಲವರು ಕೈಯೆತ್ತಿದರು. ಕರ್ನಾಟಕದಲ್ಲಿ ಎಚ್‌ಐವಿ ಸೋಂಕಿರುವ ಕುಟುಂಬಗಳ ಮಕ್ಕಳ ಓದಿಗೆ ಕೊಡೋಣವೆಂದು ನಾನು ಹೇಳಿದಾಗ ಮಾತ್ರ ಸಭೆ ಸುಮ್ಮನಾಯಿತು. ಆಮೇಲೆ ಹಿರಿಯರೊಬ್ಬರು, "ಒಳ್ಳೆಯ ಕೆಲಸವೇ ಸರಿ. ಆದರೆ ಹೆಂಗಸರು ಮಕ್ಕಳು ಬರುವ ಕೂಟ ನೋಡಿ" ಎಂದರು. ವಿಷಯ ಮುಂದಿನ ಸರ್ವಸದಸ್ಯರ ಸಭೆಗೆ ಹೋಯಿತು. ಆ "ಆದರೆ"ಗೆ ಉತ್ತರವಾಗಿ ಈ ನಾಲ್ಕು ಮಾತು.

ಮೊದಲು ನಮ್ಮ ಮನೆಯದೇ ಕಥೆ ಹೇಳಿಬಿಡುತ್ತೇನೆ. ನನ್ನ ಸೋದರಮಾವ ಲಾರಿ ಓಡಿಸುತ್ತಿದ್ದರು. 2001ರ ಹೊತ್ತಿಗೆ ಅವರ ಮೈ ಕರಗಿ ಬಟ್ಟೆ ಜೋತುಬೀಳತೊಡಗಿತು. ರಕ್ತಪರೀಕ್ಷೆಯ ಫಲ ಬಂದ ದಿನದಿಂದ ಅವರ ಹಾಸಿಗೆ ಹಿತ್ತಿಲ ಕೋಣೆಗೆ ಹೋಯಿತು. ಅವರಿಗೆಂದು ಒಂದು ಅಲ್ಯೂಮಿನಿಯಂ ತಟ್ಟೆ ಬೇರೆಯಾಯಿತು. ಊಟ ತೆಗೆದುಕೊಂಡು ಹೋಗುತ್ತಿದ್ದವನು ನಾನು. ಹನ್ನೊಂದು ವರ್ಷದ ನನಗೆ ಅಜ್ಜಿ ಹೇಳಿದ್ದು ಇಷ್ಟೆ: "ಬಾಗಿಲ ಹತ್ತಿರ ಇಟ್ಟು ಬಾ, ಮುಟ್ಟಬೇಡ." ನಾನು ಮುಟ್ಟಲಿಲ್ಲ. 2002ರಲ್ಲಿ ಅವರು ತೀರಿಕೊಂಡರು. ಅಜ್ಜಿಯದು ಕಲ್ಲುಹೃದಯವಲ್ಲ, ಮಗನಿಗಾಗಿ ದಿನವೂ ಅಳುತ್ತಿದ್ದವಳು. ಆದರೆ ಆಕೆಗೆ ಗೊತ್ತಿದ್ದದ್ದು ಹೆದರಿಕೆಯೊಂದೇ. ಹೇಳಿಕೊಡಬೇಕಾದವರು ಯಾರೂ ಹೇಳಿಕೊಡಲಿಲ್ಲ.

ಈಗ ರಸಾಯನಶಾಸ್ತ್ರ ಓದಿದವನಾಗಿ ಹೇಳುತ್ತೇನೆ: ಆ ತಟ್ಟೆ ಬೇಕಿರಲಿಲ್ಲ. ಈ ವೈರಸ್ಸಿನ ಹೊರಕವಚ ಜಿಡ್ಡಿನ ತೆಳುಪದರ. ಸೋಪಿನ ನೀರು ಅದನ್ನು ಹರಿದುಹಾಕುತ್ತದೆ; ದೇಹದ ಹೊರಗೆ ಒಣಗಿದರೆ ವೈರಸ್ಸು ಬಹುಬೇಗ ಶಕ್ತಿಗುಂದುತ್ತದೆ. ಎಂಜಲು, ಬೆವರು, ಕೆಮ್ಮು, ಲೋಟ, ಟವೆಲು, ಶೌಚಾಲಯ, ಸೊಳ್ಳೆ, ಇವು ಯಾವುದರಿಂದಲೂ ಇದು ಹರಡುವುದಿಲ್ಲ. ಹರಡುವ ದಾರಿಗಳು ಬೆರಳೆಣಿಕೆಯವು: ಕಾಂಡೋಮ್ ಇಲ್ಲದ ದೇಹಸಂಪರ್ಕ, ಹಂಚಿಕೊಂಡ ಸೂಜಿ, ಪರೀಕ್ಷಿಸದ ರಕ್ತ, ಗರ್ಭ ಹೆರಿಗೆ ಎದೆಹಾಲುಗಳ ಮೂಲಕ ತಾಯಿಯಿಂದ ಮಗುವಿಗೆ.

ಇನ್ನು ಔಷಧಿಯ ಮಾತು. 1981ರ ಜೂನಿನಲ್ಲಿ ಈ ರೋಗದ ಮೊದಲ ವರದಿ ಬಂದದ್ದು ನಾವಿರುವ ಈ ಅಮೆರಿಕದಿಂದಲೇ, ಲಾಸ್ ಏಂಜಲೀಸಿನ ಐವರು ಯುವಕರ ವಿಷಯವಾಗಿ. 1983ರಲ್ಲಿ ಪ್ಯಾರಿಸಿನಲ್ಲಿ ವೈರಸ್ ಪತ್ತೆಯಾಯಿತು. ಭಾರತದಲ್ಲಿ 1986ರಲ್ಲಿ ಮದ್ರಾಸಿನ ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಮೊದಲ ಸೋಂಕುಗಳನ್ನು ಕಂಡುಹಿಡಿದರು. 1987ರಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿ ಜಿಡೊವುಡಿನ್. ಅದನ್ನು 1964ರಲ್ಲಿಯೇ ಡೆಟ್ರಾಯಿಟಿನ ಜೆರೋಮ್ ಹಾರ್ವಿಟ್ಸ್ ಕ್ಯಾನ್ಸರಿಗೆಂದು ತಯಾರಿಸಿ, ಕೆಲಸ ಮಾಡಲಿಲ್ಲವೆಂದು ಬದಿಗಿಟ್ಟಿದ್ದರು. ಅದರ ಕೆಲಸ ಸರಳ. ವೈರಸ್ಸು ನಮ್ಮ ಜೀವಕೋಶದೊಳಗೆ ತನ್ನ ಡಿಎನ್ಎ ಸರವನ್ನು ಮಲ್ಲಿಗೆ ಮಾಲೆಯಂತೆ ಕಟ್ಟುತ್ತಾ ಹೋಗುತ್ತದೆ. ಈ ಔಷಧಿ, ನೋಡಲು ಹೂವಿನಂತೆಯೇ ಇದ್ದು ಮುಂದಿನ ಗಂಟಿಗೆ ತೊಟ್ಟೇ ಇಲ್ಲದ ಹೂವು. ಅದು ಸೇರಿದಲ್ಲಿಗೆ ಮಾಲೆ ನಿಂತುಹೋಗುತ್ತದೆ. ಒಂದೇ ಔಷಧಿಯಾದರೆ ವೈರಸ್ಸು ಬೇಗ ರೂಪ ಬದಲಿಸಿ ತಪ್ಪಿಸಿಕೊಳ್ಳುತ್ತಿತ್ತು. 1996ರಿಂದ ಮೂರನ್ನು ಸೇರಿಸಿ ಕೊಡತೊಡಗಿದ ಮೇಲೆ ಸಾಯುತ್ತಿದ್ದವರು ಎದ್ದು ಕೂತರು.

ಆದರೆ ಆ ಚಿಕಿತ್ಸೆಗೆ ಆಗ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಖರ್ಚು. ನಮ್ಮ ಮಾವನ ಲಾರಿ ಮಾರಿದರೂ ಸಾಲದು. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್, ಸ್ವತಃ ಕೇಂಬ್ರಿಜ್ಜಿನಲ್ಲಿ ಡಾಕ್ಟರೇಟ್ ಮಾಡಿದ ರಸಾಯನಶಾಸ್ತ್ರಜ್ಞ, ಅದೇ ಮೂರು ಔಷಧಿಗಳನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದರು. ಭಾರತದ 1970ರ ಪೇಟೆಂಟ್ ಕಾಯಿದೆ ಔಷಧಿ ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಡುತ್ತಿತ್ತು, ಔಷಧಿಗೇ ಅಲ್ಲ. ಬೇರೆ ದಾರಿಯಲ್ಲಿ ಅದೇ ಅಣುವನ್ನು ತಯಾರಿಸಿದರೆ ತಪ್ಪಿರಲಿಲ್ಲ. ಆ ನಿಯಮ 2005ರಲ್ಲಿ ಬದಲಾಯಿತು; ಅಷ್ಟರಲ್ಲಿ ಬೆಲೆಯ ಕೋಟೆ ಒಡೆದಿತ್ತು. 2004ರ ಏಪ್ರಿಲ್ 1ರಿಂದ ಭಾರತ ಸರಕಾರ ಉಚಿತ ಚಿಕಿತ್ಸೆ ಆರಂಭಿಸಿತು. ನಮ್ಮ ಮಾವನಿಗೆ ಎರಡು ವರ್ಷ ತಡವಾಯಿತು.

ನಮ್ಮ ಅತ್ತೆಗೆ ತಡವಾಗಲಿಲ್ಲ. ಗಂಡನಿಂದ ಸೋಂಕು ಪಡೆದ ಅವರು 2006ರಿಂದ ಮಾತ್ರೆ ನುಂಗುತ್ತಾ ಬಂದಿದ್ದಾರೆ. ಈಗ ಮೂರು ಔಷಧಿ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು. ಹೊಲಕ್ಕೆ ಹೋಗುತ್ತಾರೆ, ಮೊಮ್ಮಗಳನ್ನು ಎತ್ತಿ ಆಡಿಸುತ್ತಾರೆ. ರೋಗ ಪೂರ್ತಿ ವಾಸಿಯಾಗಿಲ್ಲ. ಮಾತ್ರೆ ಬಿಟ್ಟರೆ ವೈರಸ್ಸು ಮತ್ತೆ ತಲೆಯೆತ್ತುತ್ತದೆ. ಆದರೆ ತಪ್ಪದೆ ನುಂಗುವವರ ರಕ್ತದಲ್ಲಿ ಅದು ಪರೀಕ್ಷೆಗೂ ಸಿಗದಷ್ಟು ಕಡಿಮೆಯಾಗುತ್ತದೆ. ಆಗ ಅವರಿಂದ ಸಂಗಾತಿಗೆ ಹರಡುವುದಿಲ್ಲ. ಇದು ಸಮಾಧಾನದ ಮಾತಲ್ಲ. ಯುರೋಪಿನಲ್ಲಿ, ಒಬ್ಬರಿಗೆ ಸೋಂಕಿದ್ದು ಚಿಕಿತ್ಸೆಯಲ್ಲಿದ್ದ, ಕಾಂಡೋಮ್ ಬಳಸದ 888 ಜೋಡಿಗಳನ್ನು ಗಮನಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಂಗಾತಿಯಿಂದ ದಾಟಿದ ಸೋಂಕು ಒಂದೂ ಇರಲಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಸೋಂಕಿರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಸರಿಯಾದ ಚಿಕಿತ್ಸೆಯಿದ್ದರೆ ಆ ಸಂಖ್ಯೆ 5ಕ್ಕಿಂತ ಕೆಳಗೆ ಬರುತ್ತದೆ.

ಔಷಧಿ ಬದಲಾಯಿತು, ಬೆಲೆ ಬದಲಾಯಿತು. ಬದಲಾಗದೆ ಉಳಿದದ್ದು ತಟ್ಟೆ. ಕಳೆದ ಸಲ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಒಬ್ಬಟ್ಟು ತಟ್ಟುವಲ್ಲಿ ಅತ್ತೆ ಇರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಅವರೇ ಜಗುಲಿಯಲ್ಲಿ ಕೂತು ಎಲೆ ಒರೆಸುತ್ತಿದ್ದರು. "ರೂಢಿಯಾಗಿದೆ ಬಿಡಪ್ಪ" ಎಂದರು. ಇಪ್ಪತ್ತು ವರ್ಷದ ಚಿಕಿತ್ಸೆ ವೈರಸ್ಸನ್ನು ಅಡಗಿಸಿದೆ, ಆ ರೂಢಿಯನ್ನು ಅಡಗಿಸಿಲ್ಲ.

"ಅವರವರ ನಡತೆಯ ಫಲ" ಎಂಬ ಮಾತೂ ಆ ಸಭೆಯಲ್ಲಿ ಮೆಲ್ಲಗೆ ಕೇಳಿಬಂತು. ತಾಳಿ ಕಟ್ಟಿಸಿಕೊಂಡು ಮನೆಯಲ್ಲಿದ್ದ ನಮ್ಮ ಅತ್ತೆಯದು ಯಾವ ನಡತೆ? ಹುಟ್ಟುವಾಗಲೇ ಪಡೆದುಬಂದ ಮಗುವಿನದು? ಸರಿ, ಮಾವನ ವಿಷಯಕ್ಕೇ ಬರೋಣ. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು ಎಷ್ಟು ಜನ! ಎಷ್ಟು ಹೋಳಿಗೆ ತಿಂದಿರೆಂದು ಲೆಕ್ಕ ಕೇಳಿ ಇನ್ಸುಲಿನ್ ಕೊಡುತ್ತೇವೆಯೆ? ಕಾಯಿಲೆ ಬಿದ್ದವರಿಂದ ನಡತೆಯ ಸರ್ಟಿಫಿಕೇಟು ಕೇಳುವ ಪದ್ಧತಿ ಒಂದೇ ರೋಗಕ್ಕೆ ಏಕೆ?

ಇದು ದೂರದ ಊರಿನ ಮಾತೂ ಅಲ್ಲ. ಇದೇ ಅಮೆರಿಕ 1987ರಿಂದ 2010ರ ಜನವರಿಯವರೆಗೆ ಸೋಂಕಿರುವ ಪರದೇಶೀಯರಿಗೆ ಬಾಗಿಲು ಮುಚ್ಚಿತ್ತು. ಆ ಕಾಲದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ನಮ್ಮ ಹಿರಿಯ ಸದಸ್ಯರ ರಕ್ತವೂ ಈ ಪರೀಕ್ಷೆಗೆ ಹೋಗಿದೆ. ಫಲ ಬರುವವರೆಗಿನ ಆ ನಾಲ್ಕು ದಿನ ನೆನಪಿಸಿಕೊಳ್ಳಿ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಗೆ ಎಲ್ಲ ಪರೀಕ್ಷೆಗಳ ಮಾತೂ ಆಡುತ್ತೇವೆ, ಈ ಪರೀಕ್ಷೆಯ ಮಾತನ್ನು ಬಿಟ್ಟು. ಹದಿಮೂರರಿಂದ ಅರವತ್ತನಾಲ್ಕು ವರ್ಷದ ಪ್ರತಿಯೊಬ್ಬರೂ ಒಮ್ಮೆಯಾದರೂ ಪರೀಕ್ಷಿಸಿಕೊಳ್ಳಬೇಕೆಂದು ಇಲ್ಲಿನ ಆರೋಗ್ಯ ಇಲಾಖೆ 2006ರಲ್ಲಿಯೇ ಹೇಳಿದೆ. ಸೋಂಕು ತಗಲದಂತೆ ಮುಂಚೆಯೇ ತೆಗೆದುಕೊಳ್ಳುವ ಮಾತ್ರೆಯೂ 2012ರಿಂದ ಇದೆ. ಹೆಂಗಸರು ಮಕ್ಕಳು ಬರುವ ಕೂಟವೆಂದೇ ಇಲ್ಲಿ ಈ ಮಾತು ಬೇಕು.

ಇನ್ನು ನನ್ನ ಸಲಹೆಗಳು. ಭಾರತದಲ್ಲಿ ಸುಮಾರು 25 ಲಕ್ಷ ಜನರಿಗೆ ಈ ಸೋಂಕಿದೆ; ಹೆಚ್ಚು ಸೋಂಕಿತರಿರುವ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಔಷಧಿ ಉಚಿತ, ನಿಜ. ಆದರೆ ಅದನ್ನು ತರಲು ಹೋಗುವ ಬಸ್ ಚಾರ್ಜು, ಅಂದು ತಪ್ಪಿದ ಕೂಲಿ, ಮಕ್ಕಳ ಕಾಲೇಜು ಫೀಜು, ಇವು ಉಚಿತವಲ್ಲ. ನಮ್ಮ ಹಣ ಅಲ್ಲಿಗೆ ಹೋಗಲಿ. ಎರಡನೆಯದಾಗಿ, ಸೋಂಕಿರುವವರೇ ಕಟ್ಟಿಕೊಂಡಿರುವ ಸಂಘಗಳ ಮೂಲಕ ಕೊಡೋಣ. ತಮಗೇನು ಬೇಕೆಂದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮೈಸೂರಿನ ಆಶೋದಯ ಸಮಿತಿಯ ಮಹಿಳೆಯರು ಹೋಟೆಲು ತೆರೆದು ಊರಿನವರಿಗೆ ಊಟ ಬಡಿಸಿದ್ದಾರೆ. ತಟ್ಟೆಯ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚದು.

ಮೂರನೆಯದು ಮುಖ್ಯ. ಹಣ ಕೊಟ್ಟ ಮೇಲೆ ಮಕ್ಕಳ ಫೋಟೋ ಕೇಳಬಾರದು. ಪತ್ರಿಕೆಯಲ್ಲಿ ಅಚ್ಚು ಹಾಕುವ ಆಸೆ ನಮಗೆ ಸಹಜ. ಆದರೆ ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ವಿಷಯವನ್ನೂ ಬಯಲು ಮಾಡಬಾರದೆಂದು ಭಾರತದ 2017ರ ಕಾಯಿದೆ ಹೇಳುತ್ತದೆ. ಕೆಲಸ, ಶಾಲೆ, ಬಾಡಿಗೆಮನೆ, ಆಸ್ಪತ್ರೆಗಳಲ್ಲಿ ಭೇದ ಮಾಡುವುದನ್ನೂ ಅದು ನಿಷೇಧಿಸಿದೆ. 2018ರ ಸೆಪ್ಟೆಂಬರಿನಿಂದ ಅದು ಜಾರಿಯಲ್ಲಿದೆ. ನಾವು ಅಚ್ಚು ಹಾಕಿದ ಒಂದು ಫೋಟೋ ನಾಳೆ ಆ ಹುಡುಗಿಯ ಮದುವೆಯನ್ನೇ ಮುರಿದೀತು. ಲೆಕ್ಕಪತ್ರ ಕೇಳೋಣ, ರಸೀದಿ ಕೇಳೋಣ, ಮುಖ ಕೇಳುವುದು ಬೇಡ.

ಇದನ್ನು ಬರೆಯುವ ಮುನ್ನ ಅತ್ತೆಗೆ ಫೋನು ಮಾಡಿ ಅಪ್ಪಣೆ ಕೇಳಿದೆ. "ಬರಿ, ಊರಿನ ಹೆಸರು ಮಾತ್ರ ಹಾಕಬೇಡ" ಎಂದರು. ಸ್ವಲ್ಪ ತಡೆದು, "ನಿಮ್ಮ ಕಡೆಯವರು ಓದುತ್ತಾರಾ?" ಎಂದು ಕೇಳಿದರು. ಓದುತ್ತಾರೆ ಎಂದಿದ್ದೇನೆ. ಸರ್ವಸದಸ್ಯರ ಸಭೆಯಲ್ಲಿ ಕೈಯೆತ್ತುವಾಗ ದಯವಿಟ್ಟು ಅದನ್ನು ನೆನಪಿನಲ್ಲಿಡಿ.